ಉಪ್ಪಿಲ್ಲದ ಸಾರಿನ ಮೇಲೆ ಚಿಪ್ಸು

ನನಗೆ ಸರಿಯಾಗಿ ಬರುವ ವಿದ್ಯೆ ಒಂದೇ, ಬೇರೆಯವರ ಹಾಗೆ ಮಾತಾಡುವುದು. ನಾರಾಯಣಗೂಡದ ಕೋಚಿಂಗಿಗೆ ಸೇರಿ ಎರಡು ವರ್ಷವಾದರೂ ಪರೀಕ್ಷೆ ಒಂದೂ ಪಾಸಾಗಿರಲಿಲ್ಲ. ಆದರೆ ಅಲ್ಲಿನ ಗಣಿತದ ಮೇಷ್ಟ್ರು ಮೂಗಿನಿಂದ ಲೆಕ್ಕ ಹೇಳುವುದನ್ನು ಅವರಿಗಿಂತ ಚೆನ್ನಾಗಿ ನಾನೇ ಮಾಡುತ್ತಿದ್ದೆ. ಇಂಥ ಪ್ರತಿಭಾವಂತನನ್ನು ಕಾಚಿಗೂಡದ ಒಂದೂವರೆ ಕೋಣೆಯಲ್ಲಿಟ್ಟು ಸಾಕುತ್ತಿದ್ದವಳು ಅಪ್ಪನ ಅಕ್ಕ. ಯಾದಗಿರಿ ಕಡೆಯಿಂದ ಈ ತೆಲುಗು ಶಹರಕ್ಕೆ ಗಾರೆ ಕೆಲಸಕ್ಕೆಂದು ಬಂದು, ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತು, ಈಗ ಅಂಥದೇ ಒಂದರಲ್ಲಿ ಅಡುಗೆ ಮಾಡುತ್ತಿದ್ದಳು.

ಅತ್ತೆಗೆ ಬಿಪಿ ಎಂದು ತಿಳಿದ ದಿನ ದವಾಖಾನೆಯ ಡಾಕ್ಟರಮ್ಮ ಉಪ್ಪು ಕಡಿಮೆ ಮಾಡು ಎಂದರು. ಅತ್ತೆ ಯಾವುದನ್ನೂ ಅರ್ಧಕ್ಕೆ ಮಾಡುವವಳಲ್ಲ. ಉಪ್ಪಿನ ಡಬ್ಬಿಯನ್ನೇ ಪಕ್ಕದ ಮನೆಗೆ ಕೊಟ್ಟುಬಂದಳು. ಒಂದು ವಾರ ಸಪ್ಪೆ ಸಾರು ಉಂಡಳು. ಎಂಟನೇ ದಿನ ಅವಳಿಗೆ ಹಳೆಯ ರೂಢಿ ನೆನಪಾಯಿತು. ಗಾರೆ ಕೆಲಸದವರು ಪಲ್ಯ ಇಲ್ಲದ ಮಧ್ಯಾಹ್ನ ಚಿಪ್ಸಿನ ಪ್ಯಾಕೆಟ್ ಒಡೆದು ಅನ್ನದ ಮೇಲೆ ಪುಡಿ ಮಾಡಿಕೊಳ್ಳುತ್ತಾರೆ. ಒಂದು ದೊಡ್ಡ ಪ್ಯಾಕೆಟ್ ತಂದಳು. ಆದರೆ ಕೇಳದೆ ಒಡೆಯಲಿಲ್ಲ.

“ಲೇ ತಮ್ಮಾ, ಇದರ ಹಿಂದ ಏನೇನೋ ಬರದಾರ. ಉಪ್ಪ ಎಷ್ಟ ಐತಿ ಓದಿ ಹೇಳು. ನಾ ತಿನ್ನಬೇಕೋ ಬ್ಯಾಡೋ?”

ಗೋಡೆಗೆ ಒರಗಿದ್ದ ಅತ್ತೆಯ ಗಂಡ, ನನ್ನ ಮಾಮ, ನನ್ನತ್ತ ಕಣ್ಣು ಹೊಡೆದ. “ಡಾಕ್ಟರಮ್ಮಗ ಕೇಳು. ಇಲ್ಲೇ ಕುಂತಾಳ ನೋಡು.”

ಅಷ್ಟು ಸಾಕಿತ್ತು. ಮೊಬೈಲ್ ಚಾರ್ಜರಿನ ವೈರನ್ನು ಕೊರಳಿಗೆ ಹಾಕಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ತೆಲುಗು ಬೆರೆಸಿ ಎಳೆದೆಳೆದು ಆಡುವ ಡಾಕ್ಟರಮ್ಮನ ಧ್ವನಿ ತೆಗೆದೆ. “ಚೂಡಮ್ಮಾ… ಆಲುಗಡ್ಡ ಅಂದ್ರೆ ಏನು? ಕಾಯಿಪಲ್ಯೆ! ಉಪ್ಪು ಇಷ್ಟೇ ಇಷ್ಟು. ಪರ್ವಾಲೇದು, ತಿನು!”

ಪ್ಯಾಕೆಟ್ಟಿನ ಬೆನ್ನ ಮೇಲೆ ಉಪ್ಪು ಎಂಬ ಮಾತಿರಲಿಲ್ಲ, ಸೋಡಿಯಂ ಎಂದಿತ್ತು. ಅದು ಉಪ್ಪಿನದೇ ಲೆಕ್ಕ ಎಂದು ನನಗೆ ಗೊತ್ತಿತ್ತು. ಅದರ ಮುಂದೆ ಎರಡು ಅಂಕಿ. ಒಂದು ನೂರು ಗ್ರಾಮಿಗೆ, ಇನ್ನೊಂದು ಒಂದು ಸಲಕ್ಕೆ ತಿನ್ನುವ ಪಾಲಿಗೆ. ಪಾಲೆಂದರೆ ಒಂದು ಹಿಡಿ. ಇಡೀ ಪ್ಯಾಕೆಟ್ಟಿನಲ್ಲಿ ಅಂಥ ಐದು ಪಾಲು ಎಂದು ತೀರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿತ್ತು. ಇಷ್ಟೇ ಇಷ್ಟು ಎಂದು ನಾನು ಹೇಳಿದ್ದು ಒಂದು ಪಾಲಿನ ಅಂಕಿ ನೋಡಿ. ಕೆಳಗಿನ ಸಾಲು ಕಾಣಲಿಲ್ಲ ಎಂದು ಇಲ್ಲಿ ಬರೆದುಬಿಡಬಹುದು, ಯಾರು ಕೇಳುತ್ತಾರೆ? ಆದರೆ ಕಂಡಿತ್ತು. ಅಷ್ಟರಲ್ಲಿ ಮಾಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅತ್ತೆಯೂ ಸೆರಗು ಬಾಯಿಗಿಟ್ಟು, “ಮಂಗ್ಯಾ, ಥೇಟ್ ಡಾಕ್ಟರಮ್ಮನ!” ಎಂದಳು. ನಗು ಬರುತ್ತಿರುವಾಗ ಬಾಯಿ ಮುಚ್ಚುವುದು ನನ್ನಿಂದಾಗದು.

ಅಂದಿನಿಂದ ಎರಡು ಹೊತ್ತೂ ಸಪ್ಪೆ ಸಾರಿನ ಮೇಲೆ ಚಿಪ್ಸು. ದಿನಕ್ಕೊಂದು ಪ್ಯಾಕೆಟ್ ಮುಗಿಯುತ್ತಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ನಾನೂ ಅದರಿಂದಲೇ ಹಿಡಿ ಹಿಡಿ ಎತ್ತಿಕೊಂಡು ತಿಂದೆ. ಒಂದು ತಿಂಗಳಾಗುವಷ್ಟರಲ್ಲಿ ಅತ್ತೆಯ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಕೆಲಸದ ಮನೆಯಲ್ಲಿ ತಲೆ ತಿರುಗಿ ಒಲೆಕಟ್ಟೆ ಹಿಡಿದು ನಿಂತಳಂತೆ.

ದವಾಖಾನೆಗೆ ಕರೆದುಕೊಂಡು ಹೋದೆ. ಬಿಪಿ ನೋಡಿದ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. “ಏಮ್ಮಾ, ಉಪ್ಪು ಕಡಿಮೆ ಮಾಡಿಲ್ಲವಾ?”

“ಒಂದ ಹರಳ ಉಪ್ಪ ಹಾಕಂಗಿಲ್ರಿ. ಡಬ್ಬೀನ ಕೊಟ್ಟುಬಿಟ್ಟೀನ್ರಿ.”

“ಅಬದ್ಧಾಲು ಚೆಪ್ಪಕಮ್ಮಾ!” ಸುಳ್ಳು ಹೇಳಬೇಡ ಎಂದು ಗದರಿದರು. ಬಾಗಿಲಾಚೆಯ ಸಾಲು ಇಣುಕಿ ನೋಡಿತು. ಜೀವಮಾನದಲ್ಲಿ ಯಾರಿಂದಲೂ ಸುಳ್ಳುಗಾತಿ ಅನ್ನಿಸಿಕೊಳ್ಳದ ಅತ್ತೆಯ ಮುಖ ಸಣ್ಣದಾಯಿತು. ನಾನು ಬಿಪಿ ಯಂತ್ರದ ಪಟ್ಟಿಯನ್ನೇ ನೋಡುತ್ತಾ ನಿಂತೆ.

ಅತ್ತೆ ಚೀಲದಿಂದ ಊಟದ ಡಬ್ಬಿ ತೆಗೆದು ಮುಂದಿಟ್ಟಳು. “ಬೇಕಾದ್ರ ನೋಡ್ರಿ.” ಡಬ್ಬಿಯ ಜೊತೆಗೆ ಅರ್ಧ ಖಾಲಿಯಾದ ಪ್ಯಾಕೆಟ್ಟೂ ಬಂತು.

ಡಾಕ್ಟರಮ್ಮ ಅದರ ಬೆನ್ನು ತಿರುಗಿಸಿ ಓದಿದರು. ನಾನು ಮಾಡಿ ತೋರಿಸಿದಂತೆ ಎಳೆದೆಳೆದು ಅಲ್ಲ, ಮೆಲ್ಲಗೆ. ಡಬ್ಬಿಯೊಡನೆ ಕೊಟ್ಟುಬಂದ ಉಪ್ಪೆಲ್ಲ ಇದರೊಳಗಿಂದ ವಾಪಸು ಬಂದಿದೆ, ಆಲುಗಡ್ಡೆ ಹೆಸರಿಗಷ್ಟೇ, ಹೊಟ್ಟೆಗೆ ಹೋಗುವುದು ಎಣ್ಣೆ ಮತ್ತು ಉಪ್ಪು ಎಂದರು. “ಇದನ್ನು ತಿನ್ನು ಅಂತ ಹೇಳಿದ್ದು ಯಾರಮ್ಮಾ?”

ಅತ್ತೆ ನನ್ನ ಕಡೆ ನೋಡಲೂ ಇಲ್ಲ. “ನಾನ ತಿಳಕೊಂಡೆರಿ. ಓದಾಕ ಬರಂಗಿಲ್ಲಲ್ರಿ.”

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆಟೋದಲ್ಲೂ ಇಲ್ಲ. ಮನೆ ಸೇರಿ, ಅತ್ತೆ ಕಾಲು ದಿಂಬಿನ ಮೇಲಿಟ್ಟುಕೊಂಡ ಮೇಲೆ ಹೇಳಿದೆ. “ಅತ್ತಿ, ಅವತ್ತ ನನಗ ಕಂಡಿತ್ತು. ಕಂಡೂ ಸುಳ್ಳ ಹೇಳಿದೆ.”

ಅತ್ತೆ ಚೀಲಕ್ಕೆ ಕೈ ಹಾಕಿದಳು. ಪ್ಯಾಕೆಟ್ ತೆಗೆದು ನನ್ನ ಕೈಗಿಟ್ಟಳು. “ಈಗ ಖರೇ ಓದು. ಬೊಟ್ಟಿಟ್ಟು ತೋರಿಸು.”

ವೈರು ಹಾಕಿಕೊಳ್ಳಲಿಲ್ಲ. ಒಂದೊಂದೇ ಸಾಲು ಓದಿದೆ, ಇರುವೆ ಸಾಲನ್ನೂ ಸೇರಿಸಿ. ಸೋಡಿಯಂ ಎಂಬ ಅಕ್ಷರಗಳ ಮೇಲೆ ಅವಳು ಬೆರಳಾಡಿಸಿ ಆಕಾರ ಗುರುತು ಹಾಕಿಕೊಂಡಳು.

“ನಿನ್ನ ಸ್ವಂತ ಧ್ವನಿ ಹಿಂಗ ಐತೇನಲೇ? ಭಾಳ ಸಣ್ಣದೈತಿ,” ಎಂದಳು. ಮಾಮ ನಗಲಿಲ್ಲ. ನಾನೂ ನಗಲಿಲ್ಲ. ಅತ್ತೆ ನಿಂಬೆಹಣ್ಣು ಹೋಳು ಮಾಡಿ ತನ್ನ ಸಪ್ಪೆ ಸಾರಿಗೆ ಹಿಂಡಿಕೊಂಡಳು, ಉಳಿದರ್ಧವನ್ನು ಕೇಳದೆಯೇ ನನ್ನ ತಾಟಿಗೆ ಹಿಂಡಿದಳು.