‘ಚೆನ್ನಾಗಿದ್ದೀರಾ’ ಎಂದು ಕೇಳದ ವಕೀಲರು

ವೈದ್ಯಕೀಯ ನಿರ್ಲಕ್ಷ್ಯದಿಂದ ನೊಂದವರಿಗೆ ಪರಿಹಾರ ಕೊಡಿಸುವ ವಕೀಲಿಕೆಯಲ್ಲಿ ನಮ್ಮ ಮೇಡಂ ಅವರಿಗಿರುವ ಸ್ಥಾನವನ್ನು ಹೇಳಲು, ಅವರ ಕಚೇರಿಗೆ ಬೆರಳಚ್ಚುಗಾರನಾಗಿ ಸೇರಿ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದ ನಾನು ತಕ್ಕವನೇ ಎಂಬ ಅಳುಕು ಈ ವಾಕ್ಯ ಬರೆಯುವಾಗಲೂ ಇದೆ. ಪಕ್ಕದ ಮೇಜಿನಿಂದ ಕಂಡದ್ದನ್ನು ಕಂಡಷ್ಟೇ ಬರೆದರೆ ತಪ್ಪಾಗಲಾರದೆಂದುಕೊಂಡಿದ್ದೇನೆ.

ಸೇರಿದ ಹೊಸತರಲ್ಲಿ ನನಗೆ ಸೋಜಿಗವೆನಿಸಿದ್ದು, ಅವರು ಬಂದವರನ್ನು ‘ಚೆನ್ನಾಗಿದ್ದೀರಾ’ ಎಂದು ಎಂದೂ ಕೇಳದಿದ್ದುದು. ಕಿಟಕಿಯ ಪಕ್ಕದ ಕುರ್ಚಿ ತೋರಿಸಿ, ನೀರು ಕೊಟ್ಟು, ‘ಬೆಳಿಗ್ಗೆ ಎದ್ದು ಮೊದಲು ಏನ್ ಮಾಡಿದ್ರಿ?’ ಎನ್ನುತ್ತಿದ್ದರು. ಎದುರು ಪಕ್ಷದವರು ಅವರಿಗೆ ನಿಧಾನಮ್ಮ ಎಂದು ಹೆಸರಿಟ್ಟಿದ್ದರು. ಚಿಕಿತ್ಸೆ ಫಲಿಸದಿದ್ದುದೆಲ್ಲ ನಿರ್ಲಕ್ಷ್ಯವಲ್ಲ. ಎಚ್ಚರವುಳ್ಳ ಯಾವ ವೈದ್ಯರೂ ಬಿಡದ ಆರೈಕೆ ತಪ್ಪಿರಬೇಕು, ಹಾನಿ ಆ ತಪ್ಪಿನಿಂದಲೇ ಆಗಿರಬೇಕು ಎಂಬುದನ್ನು ಅಳುತ್ತ ಕೂತವರಿಗೂ ಮರೆಮಾಚದೆ ಹೇಳುತ್ತಿದ್ದರು. ದಾವೆ ನಿಲ್ಲದೆಂದು ಕಂಡರೆ ಮೆಟ್ಟಿಲಿನವರೆಗೂ ಜೊತೆಗೆ ಬಂದು ಕಳಿಸಿಕೊಡುತ್ತಿದ್ದರು. ನನ್ನ ಪರೀಕ್ಷೆಯ ದಿನಗಳಲ್ಲಿ ನನ್ನ ಪಾಲಿನ ಟೈಪಿಂಗ್ ತಾವೇ ಮಾಡಿಕೊಂಡದ್ದನ್ನು ನಾನು ಮರೆಯಲಾರೆ.

ಬೆಳಗಿನ ಬಗೆಗಿನ ಮೇಡಂ ಅವರ ಆ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಹೊಲಿಗೆ ಅಂಗಡಿಯ ಹೆಂಗಸೊಬ್ಬರ ಮೊಕದ್ದಮೆಯಲ್ಲಿ. ಅವರ ಮುರಿದ ಬಲಗೈ ಮಣಿಕಟ್ಟಿಗೆ ಆಸ್ಪತ್ರೆಯಲ್ಲಿ ತೀರ ಬಿಗಿಯಾಗಿ ಪ್ಲಾಸ್ಟರ್ ಹಾಕಿದ್ದರು. ಬೆರಳು ಜೋಮು ಹಿಡಿದು ನೀಲಿಗಟ್ಟುತ್ತಿವೆ ಎಂದು ಮತ್ತೆ ಹೋದರೆ, ಬಿಚ್ಚಿ ನೋಡದೆ ಮನೆಗೆ ಕಳಿಸಿದ್ದರು. ಬೆರಳುಗಳು ಮಡಚಿಕೊಂಡೇ ಉಳಿದವು. ಪರಿಹಾರ ಸಿಗದಿದ್ದರೆ ಅಂಗಡಿ ಮುಚ್ಚಬೇಕಿತ್ತು. ಆದರೆ ಆಸ್ಪತ್ರೆಯ ಪರವಾಗಿ ಪರೀಕ್ಷಿಸಿದ ವೈದ್ಯರು ‘ಹೇಗಿದ್ದೀರಮ್ಮ?’ ಎಂದಾಗ ಆಕೆ ‘ಚೆನ್ನಾಗಿದ್ದೀನಿ ಸಾರ್’ ಎಂದುಬಿಟ್ಟಿದ್ದರು. ಆ ಮಾತು ವರದಿಯಲ್ಲಿ ಸೇರಿತ್ತು. ವಿಚಾರಣೆಯ ದಿನ ಆಸ್ಪತ್ರೆಯ ವಕೀಲರು ಅದನ್ನೇ ಎತ್ತಿ ಓದಿದರು. ಆಕೆಯೋ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೈಯನ್ನು ಶಾಲಿನೊಳಗೆ ಅಡಗಿಸಿಕೊಂಡು ನಿಂತಿದ್ದರು.

ಮೇಡಂ ನಿಧಾನವಾಗಿ ಎದ್ದರು.

‘ಇವತ್ತು ನಿಮ್ಮ ತಲೆ ಬಾಚಿದ್ದು ಯಾರು?’

‘ಮಗಳು.’

‘ಗುಂಡಿ ಹಾಕಿದ್ದು?’

‘ಅವಳೇ. ಸ್ಕೂಲಿಗೆ ಲೇಟಾಯ್ತು ಅಂತ ಗೊಣಗ್ತಾ ಹಾಕಿದ್ಲು.’

‘ಮತ್ತೆ ಡಾಕ್ಟರ ಹತ್ರ ಚೆನ್ನಾಗಿದ್ದೀನಿ ಅಂದ್ರಲ್ಲ?’

ಆಕೆ ತಬ್ಬಿಬ್ಬಾದರು. ‘ಪಾಪ, ಅವರು ಮರ್ಯಾದೆಯಾಗಿ ಕೇಳಿದ್ರು. ಗುರುತಿಲ್ಲದೋರ ಮುಂದೆ ನನ್ನ ಗೋಳು ಹೇಳ್ಕೊಂಡು ಕೂರೋದಾ ಅಂತ...’

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ‘ಕೈ ತೋರಿಸಿ’ ಎಂದರು. ಶಾಲು ಸರಿಯಿತು.

ಪರಿಹಾರದ ಆದೇಶವಾದ ದಿನ ಆಕೆ ಹೊರಗೆ ಬಂದು, ‘ಗೆದ್ವಾ ಅಕ್ಕಾ?’ ಎಂದು ಕೇಳಿದರು.

‘ಅಂಗಡಿ ಉಳೀತು ಕಣಮ್ಮ. ಕೈ ಬರ್ಲಿಲ್ವಲ್ಲ’ ಎಂದರು ಮೇಡಂ.

ವಕೀಲಿಕೆಯಿಂದ ನಿವೃತ್ತರಾದ ಮೇಡಂ ಕಳೆದ ವಾರ ತಮ್ಮ ಪುಸ್ತಕ ಒಯ್ಯಲು ಕಚೇರಿಗೆ ಬಂದಿದ್ದರು. ರೂಢಿಯಂತೆ ‘ಚೆನ್ನಾಗಿದ್ದೀರಾ ಮೇಡಂ?’ ಎಂದುಬಿಟ್ಟೆ.

‘ಚೆನ್ನಾಗಿದ್ದೀನಪ್ಪ.’

ನನಗೆ ನಾಚಿಕೆಯಾಯಿತು. ಕಿಟಕಿಯ ಪಕ್ಕದ ಕುರ್ಚಿ ತೋರಿಸಿ, ನೀರು ಕೊಟ್ಟು, ಬೆಳಿಗ್ಗೆ ಎದ್ದು ಮೊದಲು ಏನು ಮಾಡಿದಿರಿ ಎಂದು ಕೇಳಿದೆ.

‘ಕೋರ್ಟಿಗೆ ರೆಡಿಯಾದೆ. ಬಾಗಿಲವರೆಗೂ ಹೋಗಿ ವಾಪಸ್ ಬಂದೆ.’

ಆ ಕುರ್ಚಿಯನ್ನು ನಾವು ಕದಲಿಸಿಲ್ಲ. ಅವರು ಆರೋಗ್ಯದಿಂದ ಬಹುಕಾಲ ಬಾಳಲಿ. ಇನ್ನು ಮುಂದೆ ಮನೆಯ ಬಾಗಿಲಿನಿಂದ ಹಿಂದಿರುಗದೆ ಆಗಾಗ ಇಲ್ಲಿಯವರೆಗೂ ಬಂದು, ಅದರಲ್ಲಿ ಕೂತವರನ್ನು ಕೇಳಬೇಕಾದದ್ದನ್ನು ಕೇಳುತ್ತಿರಲಿ.