ಆರೂ ಬದಿ ಮುಚ್ಚಿದ ಷಟ್ಕೋನ

೨೦೨೩ನೆಯ ಇಸವಿ. ನನಗಾಗ ಐವತ್ತೆರಡು ವರ್ಷ. ಇಪ್ಪತ್ತೇಳು ವರ್ಷ ಪುಣೆಯ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ಮಕ್ಕಳೇ ಬರದಂತಾಗಿ ಆ ಶಾಲೆ ಮುಚ್ಚಿದ ಮೇಲೆ, ನಿಗಡಿಯ ನನ್ನ ಮನೆಯಲ್ಲಿ ಕುಳಿತು ಅನುವಾದಗಳ ಕರಡು ತಿದ್ದುತ್ತಿದ್ದೆ. ಅದೇ ವರ್ಷ ನನ್ನ ಒಡಹುಟ್ಟಿದ ತಂಗಿ ಒಂದು ಆಟದ ನಕ್ಷೆಯಲ್ಲಿ ನನ್ನನ್ನು ನಿಲ್ಲಿಸಿ ಅವಮಾನ ಮಾಡಿದಳು. ಅವಮಾನ ಎಂಬ ಮಾತನ್ನು ನಾನು ಅಳೆದೇ ಬಳಸುತ್ತಿದ್ದೇನೆ. ಆ ಸಿಟ್ಟಿನ ಅರ್ಧ ಭಾಗವನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ.

ಆಟವನ್ನು ನಮ್ಮ ಕಟ್ಟಡಕ್ಕೆ ತಂದವಳು ಮೇಲಿನ ಮಹಡಿಯ ಬೆಂಗಳೂರಿನ ಇಂಜಿನಿಯರ್ ಹೆಣ್ಣುಮಗಳು. ನಾಲ್ಕೈದು ಜನ ಮೇಜಿನ ಸುತ್ತ ಕೂರುವುದು. ಒಬ್ಬರು ಕತೆ ನಡೆಸುವುದು. ಉಳಿದವರು ಒಬ್ಬೊಬ್ಬ ಅಲೆಮಾರಿಯ ಪಾತ್ರ ವಹಿಸಿ ಕಲ್ಪನೆಯ ನಾಡೊಂದರಲ್ಲಿ ತಿರುಗುವುದು. ಅನುಮಾನ ಬಂದಲ್ಲಿ ದಾಳ ಉರುಳಿಸುವುದು. ನಾಡಿಗೊಂದು ನಕ್ಷೆ ಬೇಕು. ಆ ನಕ್ಷೆಯನ್ನು ಜೇನುಗೂಡಿನಂತೆ ಷಟ್ಕೋನಗಳಾಗಿ ವಿಂಗಡಿಸುತ್ತಾರೆ. ಒಂದೊಂದು ಷಟ್ಕೋನ ಅರ್ಧ ದಿನದ ನಡಿಗೆ. ಪ್ರತಿಯೊಂದರಲ್ಲೂ ಒಂದು ಸ್ಥಳ, ಮತ್ತು ಅಲೆಮಾರಿಯನ್ನು ಅತ್ತ ಸೆಳೆಯುವ ಒಂದು ಎಳೆ ಇರಬೇಕು. ಚೌಕಾಬಾರ ಆಡಿ ಬೆಳೆದ ನಾವು ಷಟ್ಕೋನವನ್ನು ‘ಮನಿ’, ಅಂದರೆ ಮನೆ, ಎಂದೇ ಕರೆದೆವು.

ನಾವು ನಾಲ್ವರು. ನಾನು, ಆ ಇಂಜಿನಿಯರ್, ಕೆಳಮನೆಯ ಬೆಳಗಾವಿ ಕಡೆಯ ಫೋರ್‌ಮನ್, ಮತ್ತು ಯೆರವಡಾದಲ್ಲಿರುವ ನನ್ನ ತಂಗಿ. ಅವಳು ನನಗಿಂತ ಎಂಟು ವರ್ಷ ಚಿಕ್ಕವಳು. ರಕ್ತ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಕೆಲಸ. ನಡುವೆ ಒಂದು ಸಂತೆಯೂರು, ಅದರ ಸುತ್ತ ಮೂರು ಬಳೆಯಾಗಿ ಮೂವತ್ತಾರು ಮನೆ, ತಲೆಗೆ ಒಂಬತ್ತು. ನಿಯಮಗಳನ್ನು ಬರೆದವನು ನಾನು. ಒಂದು: ಪ್ರತಿ ಮನೆಯ ಹಾಳೆಯಲ್ಲಿ ಮೂರು ಭಾಗವಿರಬೇಕು, ದೂರದಿಂದ ಕಾಣುವುದು, ಒಳಹೊಕ್ಕರೆ ಸಿಗುವುದು, ಎಳೆ. ಎರಡು: ಒಬ್ಬರು ಬರೆದ ಮನೆಯನ್ನು ಇನ್ನೊಬ್ಬರು ಹೊಡೆದುಹಾಕುವಂತಿಲ್ಲ, ಅಲ್ಲಿ ಏನಾದರೂ ಬದಲಾಗುವುದಿದ್ದರೆ ಆಟದೊಳಗೆ ಆಡಿಯೇ ಬದಲಾಗಬೇಕು. ಮೂರು: ಮನೆ ಬರೆದವರೇ ಅಲ್ಲಿಯ ಜನರ ಬಾಯಾಗಬೇಕು. ನಾಲ್ಕು: ಹಾಳೆಯನ್ನು ಬರೆದವರು ಮತ್ತು ಕತೆ ನಡೆಸುವ ನಾನು, ಇಬ್ಬರೇ ಓದತಕ್ಕದ್ದು.

ಆ ಬೇಸಿಗೆಯಿಡೀ ಬರೆದೆವು. ಸುಳ್ಳೇಕೆ, ನನಗೆ ಅಂಥ ಸಂತೋಷ ಬಹಳ ವರ್ಷಗಳಿಂದ ಸಿಕ್ಕಿರಲಿಲ್ಲ. ಫೋರ್‌ಮನ್ ಬರೆದ ಒಂದು ಮನೆಯಲ್ಲಿ ಸತ್ತ ರಾಕ್ಷಸನ ಕುಲುಮೆ ಇನ್ನೂ ಬಿಸಿಯಾಗಿತ್ತು. ಊರಿನ ಹೆಂಗಸರು ಅದರ ಮೇಲೆ ರೊಟ್ಟಿ ಬೇಯಿಸುತ್ತಿದ್ದರು. ಎಳೆ ಏನೆಂದರೆ, ಕುಲುಮೆ ಈಚೆಗೆ ತಣ್ಣಗಾಗತೊಡಗಿತ್ತು. ಇಂಜಿನಿಯರ್ ಬರೆದ ಕಾಡಿನಲ್ಲಿ ಸುಂಕದವನ ಪ್ರೇತ ಒಂದು ಹೊಸ ಕತೆಯನ್ನು ಸುಂಕವಾಗಿ ಕೇಳುತ್ತಿತ್ತು. ತಂಗಿಯ ಎಂಟು ಮನೆಗಳು ಎಲ್ಲರಿಗಿಂತ ಚೆನ್ನಾಗಿದ್ದವು. ಉಪ್ಪಿನ ಕೆರೆಯ ದಂಡೆಯಲ್ಲಿ ಜನ ತಮ್ಮ ನೆರಳನ್ನು ಒಣಹಾಕುವ ಊರನ್ನು ಓದಿ ನಾನು ಹಾಳೆಯ ಅಂಚಿನಲ್ಲಿ ‘ಉತ್ತಮ’ ಎಂದು ಬರೆದೆ.

ಒಂಬತ್ತನೆಯದನ್ನು ಅವಳು ಕೊನೆಗೆ ಕೊಟ್ಟಳು.

ದೂರದಿಂದ ಕಾಣುವುದು: ಬೆಟ್ಟದ ಬುಡದಲ್ಲಿ, ಸುತ್ತ ಗೋಡೆಯೇ ಇಲ್ಲದ ಒಂದು ಹೆಬ್ಬಾಗಿಲು. ಒಳಹೊಕ್ಕರೆ ಸಿಗುವುದು: ಗಂಟೆ ಬಾರಿಸಿ ಬಾಗಿಲು ಹಾಕುವ ಒಬ್ಬ ತರುಣ ಕಾವಲುಗಾರ; ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಎಳೆ: ಬಾಗಿಲ ಹೊರಗೆ ಮೂವತ್ತು ವರ್ಷದಿಂದ ಒಬ್ಬ ಹುಡುಗಿ ನಿಂತಿದ್ದಾಳೆ, ಅವಳಿಗೆ ಬಾಗಿಲು ತೆರೆಯುವುದು ಬೇಕಾಗಿಲ್ಲ, ತನ್ನನ್ನು ಯಾರಾದರೂ ಒಂದು ಪ್ರಶ್ನೆ ಕೇಳುವುದು ಬೇಕಾಗಿದೆ.

ಓದಿದ ಕೂಡಲೇ ಆ ಕಾವಲುಗಾರ ನಾನೇ ಎಂದು ತಿಳಿಯಿತು. ೧೯೯೪ರಲ್ಲಿ ನಾನು ಪುಣೆಯ ಆ ಕನ್ನಡ ಶಾಲೆಗೆ ಹೊಸದಾಗಿ ಸೇರಿದ್ದೆ. ತಂಗಿ ಅಲ್ಲಿಯೇ ಒಂಬತ್ತನೆಯ ತರಗತಿ. ವಾರ್ಷಿಕ ಪರೀಕ್ಷೆಯ ಗಣಿತದ ದಿನ ಗೇಟಿನ ಕೆಲಸ ನನ್ನದಾಗಿತ್ತು. ಗಂಟೆಯಾಗಿ ಹತ್ತು ನಿಮಿಷಕ್ಕೆ ಗೇಟು ಹಾಕಬೇಕೆಂಬುದು ಲಿಖಿತ ನಿಯಮ. ಹಾಕಿದೆ. ಅದಾಗಿ ಹನ್ನೆರಡು ನಿಮಿಷಕ್ಕೆ ಅವಳು ಓಡಿಬಂದಳು. ಒಳಗೆ ಬಿಟ್ಟಿದ್ದರೆ, ಮಾಸ್ತರ ತಂಗಿಗೊಂದು ನ್ಯಾಯ ಉಳಿದವರಿಗೊಂದು ನ್ಯಾಯ ಎಂದು ಇಡೀ ಶಾಲೆ ಆಡಿಕೊಳ್ಳುತ್ತಿತ್ತು. ಬಿಡಲಿಲ್ಲ. ಅವಳು ನಪಾಸಾಗಿ ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಕುಳಿತಳು. ಮಲಗಿ ತಡ ಮಾಡಿಕೊಂಡಳು ಎಂದು ನಾನು ಮನೆಯಲ್ಲಿ ಹೇಳಿದೆ. ಅಪ್ಪ ಅದನ್ನೇ ನೆಂಟರಿಗೆಲ್ಲ ಹೇಳಿದರು. ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ. ಅವಳೂ ಆಡಲಿಲ್ಲ. ಆಮೇಲೆ ಓದಿದಳು, ನೌಕರಿ ಹಿಡಿದಳು, ಸಂಸಾರ ಹೂಡಿದಳು. ಇಷ್ಟು ಕಾಲ ಸುಮ್ಮನಿದ್ದು, ಈಗ ಹೊರಗಿನವರು ಕೂರುವ ಮೇಜಿನ ಮೇಲೆ ಇದನ್ನು ತಂದಿಡುವುದೆಂದರೆ ಏನು?

ಫೋನ್ ಮಾಡಿದೆ. ಆ ಹಾಳೆ ವಾಪಸು ತೆಗೆದುಕೊ, ಬೇರೆ ಬರೆದುಕೊಡು ಎಂದೆ. ಸಿಟ್ಟಿನಲ್ಲಿ ಇನ್ನೂ ಕೆಲವು ಮಾತು ಆಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಮನಿ ಹೊಡದು ಹಾಕಬಾರದು ಅಂತ ನಿಯಮ ಬರದಾಂವ ನೀನs ಅಲ್ಲೇನು ಅಣ್ಣಾ?” ಎಂದಷ್ಟೇ ಹೇಳಿ ಫೋನಿಟ್ಟಳು.

ಹೊಡೆದುಹಾಕಲಾರೆ, ಸರಿ. ಆದರೆ ನಿಯಮ ಬರೆದವನಿಗೆ ಅದರಲ್ಲಿಯ ಬಿರುಕೂ ಗೊತ್ತಿರುತ್ತದೆ. ಮನೆಗಳು ನಾಲ್ವರಿಗೆ ಹಂಚಿದ್ದವು. ಎರಡು ಮನೆಗಳ ನಡುವಿನ ಗೆರೆ ಯಾರದೆಂದು ನಾನು ಎಲ್ಲಿಯೂ ಬರೆದಿರಲಿಲ್ಲ. ಮರುವರ್ಷ ಜನವರಿಯಲ್ಲಿ ಆಟ ಶುರುವಾಯಿತು; ಹದಿನೈದು ದಿನಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ನನ್ನ ಮನೆಯಲ್ಲಿ. ಅಲೆಮಾರಿಗಳು ಆ ಹೆಬ್ಬಾಗಿಲಿನ ಕಡೆ ಮೊದಲ ಸಲ ತಿರುಗಿದಾಗ ನಾನು ಹೊಳೆಗೆ ಮಹಾಪೂರ ತಂದು ಸೇತುವೆ ಕೊಚ್ಚಿಹೋಗುವಂತೆ ಮಾಡಿದೆ. ಎರಡನೆಯ ಸಲ ಇನ್ನೊಂದು ಬದಿಗೆ ಕೆಸರು ತುಂಬಿದೆ. ಮೂರನೆಯದಕ್ಕೆ ದಂಡು, ನಾಲ್ಕನೆಯದಕ್ಕೆ ಬೇನೆ, ಐದನೆಯದಕ್ಕೆ ಗುಡ್ಡದ ಕುಸಿತ, ಆರನೆಯದಕ್ಕೆ ಹೆಜ್ಜೇನು. ತಂಗಿ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದಳು. ಪ್ರತಿ ಸಲವೂ ಎದ್ದು, ಮುಚ್ಚಿದ ಆ ಗೆರೆಯನ್ನು ನಕ್ಷೆಯ ಮೇಲೆ ಕೆಂಪು ಪೆನ್ಸಿಲ್ಲಿನಿಂದ ತಿದ್ದುತ್ತಿದ್ದಳು. ಜೂನ್ ಹೊತ್ತಿಗೆ ಮೂವತ್ತೇಳು ಮನೆಗಳ ನಕ್ಷೆಯಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದುದು ಆ ಒಂದೇ ಷಟ್ಕೋನ.

ಕತೆ ನಡೆಸುವವನು ಮಾಡಬಾರದ ತಪ್ಪು ಇದೊಂದೇ, ಮತ್ತು ನಾನು ಅದನ್ನು ಆರು ಸಲ ಮಾಡಿದ್ದೆ. ಇನ್ನು ಯಾವ ಎಳೆಯೂ ಅವರಿಗೆ ಬೇಡವಾಯಿತು. ಕುಲುಮೆ ತಣ್ಣಗಾದರೆ ಆಗಲಿ, ನೆರಳು ಒಣಗಿದರೆ ಒಣಗಲಿ, ಆ ಕೆಂಪು ಮನೆಗೇ ಹೋಗಬೇಕು.

“ಮಾಸ್ತರs, ಇವತ್ತ ಏನ್ ಬೀಳಸ್ತೀರಿ, ಆಕಾಶ ಏನ್ರಿ?” ಎಂದು ಫೋರ್‌ಮನ್ ಕೇಳಿದ. “ನೀವು ಇಷ್ಟು ಕಾಯಾಕತ್ತೀರಂದ್ರ ಗಂಟು ಅಲ್ಲೇ ಅದ.”

“ಪಕ್ಕಾ ಸರ್,” ಎಂದಳು ಇಂಜಿನಿಯರ್. “ನಾವು ಹೆಜ್ಜೇನು ಕಚ್ಚಿಸಿಕೊಂಡೇ ಹೋಗ್ತೀವಿ.”

ದಾಳ ಅವರ ಪರವಾಗಿ ಬಿತ್ತು. ಜುಲೈ ತಿಂಗಳ ಒಂದು ಭಾನುವಾರ ಅವರು ಹೆಬ್ಬಾಗಿಲಿನ ಮುಂದೆ ನಿಂತರು. ಮೂರನೆಯ ನಿಯಮದಂತೆ ಮಾತು ತಂಗಿಯದಾಯಿತು. ಅವಳು ಬಾಗಿಲನ್ನು ವರ್ಣಿಸಿದಳು, ಹುಡುಗಿಯನ್ನು ವರ್ಣಿಸಿದಳು, ಕಾವಲುಗಾರನ ಜೇಬಿನ ಎರಡು ಪೆನ್ನನ್ನೂ ಬಿಡಲಿಲ್ಲ. ಫೋರ್‌ಮನ್‌ನ ಅಲೆಮಾರಿ ಬಾಗಿಲಿಗೆ ಕೊಡಲಿ ಹಾಕಿದ, ಬಾಗಿಲು ಅಲ್ಲಾಡಲಿಲ್ಲ. ಇಂಜಿನಿಯರ್ ಬುದ್ಧಿವಂತೆ. ಗೋಡೆಯೇ ಇಲ್ಲದ ಬಾಗಿಲನ್ನು ಬಳಸಿ ಆಚೆ ಹೋಗದೆ ಈ ಹುಡುಗಿ ಇಲ್ಲೇ ಯಾಕೆ ನಿಂತಿದ್ದಾಳೆ ಎಂದು ಯೋಚಿಸಿ, ನೇರ ಅವಳನ್ನೇ ಮಾತಾಡಿಸಿದಳು. ಹುಡುಗಿಯ ಬಾಯಾಗಿದ್ದ ತಂಗಿ, ನೀವು ಕೇಳಿದರೆ ಆಗುವುದಿಲ್ಲ, ಬಾಗಿಲು ಹಾಕಿದವನೇ ಕೇಳಬೇಕು ಎಂದು ಉತ್ತರಿಸಿದಳು. ಹಾಗಾದರೆ ಕಾವಲುಗಾರನನ್ನು ಕರೆಯಿರಿ ಎಂದರು ಇಬ್ಬರೂ.

“ಅವನ ಮಾತು ನನಗ ಆಡಾಕ ಬರೂದಿಲ್ಲ,” ಎಂದಳು ತಂಗಿ. “ಅವನ ಪಾತ್ರಾ ಅಣ್ಣ ಮಾಡ್ಲಿ.”

ನಾನು ಪುಸ್ತಕ ಮುಚ್ಚಿ, ದಾಳಗಳನ್ನು ಡಬ್ಬಿಗೆ ಹಾಕಿ, ಇವತ್ತಿಗೆ ಆಟ ಮುಗಿಯಿತೆಂದು ಎದ್ದುನಿಂತೆ. ಇಂಜಿನಿಯರ್ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡಿದಳು. ಅವರೆಲ್ಲ ಹೋದ ಮೇಲೆ ಬಾಗಿಲ ಚಿಲಕವನ್ನು ನಾನು ಅಗತ್ಯಕ್ಕಿಂತ ಜೋರಾಗಿಯೇ ಹಾಕಿದೆ.

ಮೂರು ವಾರ ಕುದಿದೆ. ನಿಯಮವನ್ನು ಪಾಲಿಸಿದವನು ತಪ್ಪಿತಸ್ಥನಾಗುವುದು ಯಾವ ನ್ಯಾಯ? ಇಪ್ಪತ್ತೇಳು ವರ್ಷ ಒಂದು ದಿನವೂ ತಡವಾಗಿ ಹೋಗದವನು ನಾನು. ಕರಡಿನ ಹಾಳೆಗಳ ಮೇಲೆ ಗೀಚಿ ಗೀಚಿ ಕಾಗದ ಹರಿಯಿತು. ಇವೆಲ್ಲದರ ನಡುವೆ ಒಂದು ವಿಷಯ ಮುಳ್ಳಿನಂತೆ ಸಿಕ್ಕಿಕೊಂಡಿತು: ಆ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು, ಅದರ ಉತ್ತರ ಗೊತ್ತಿರಲಿಲ್ಲ. ಮಲಗಿದ್ದಳೆಂದು ನನಗೆ ಹೇಳಿದವರಾರು? ಯಾರೂ ಇಲ್ಲ. ನಾನೇ ಹೇಳಿ ನಾನೇ ನಂಬಿದ್ದೆ.

ಎಲ್ಲರನ್ನೂ ಕರೆದೆ. ಫೋರ್‌ಮನ್ ಬಂದವನೇ ಹೆಜ್ಜೇನು ಹಾರಿಹೋದವೇ ಎಂದು ವಿಚಾರಿಸಿದ, ನಾನು ನಗಲಿಲ್ಲ. ಕಾವಲುಗಾರ ಬಾಗಿಲ ಬಳಿ ಬಂದಿದ್ದಾನೆ ಎಂದೆ. ದನಿ ಒರಟಾಗಿಯೇ ಇತ್ತು, ಅದನ್ನು ಮೆತ್ತಗೆ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

“ಯಾಕ ತಡಾ ಆತು?” ಎಂದು ಕೇಳಿದೆ.

ತಂಗಿ ಕೈಯಲ್ಲಿದ್ದ ಶೇಂಗಾದ ಸಿಪ್ಪೆಯನ್ನು ತಟ್ಟೆಗೆ ಹಾಕಿದಳು. “ಅವ್ವಗ ಜ್ವರಾ ಇತ್ತು. ಹಿಂದಿನ ದಿನ ತುಂಬಿಟ್ಟ ಎರಡು ಕೊಡಾ ನೀರು ನೀ ಜಳಕಾ ಮಾಡಿ ಖಾಲಿ ಮಾಡಿ ಹೋಗಿದ್ದಿ. ಚಾಳಿನ ನಲ್ಲಿಗೆ ಅವತ್ತ ನೀರು ಬರಲಿಲ್ಲ. ಟ್ಯಾಂಕರ್ ಬಂತು, ಪಾಳಿ ಹಚ್ಚಿದೆ. ಅವ್ವಗ ಕುಡ್ಯಾಕ ನೀರಿಟ್ಟು ಓಡಿ ಬಂದೆ.”

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆಯಾ, ಅವ್ವನಿಗೆ ಗೊತ್ತಿತ್ತಲ್ಲ, ಅವಳಾದರೂ ಯಾಕೆ ಹೇಳಲಿಲ್ಲ ಎಂದು ಎಲ್ಲರೆದುರಿಗೇ ಕೂಗಾಡಿದೆ.

“ಅಂವಾ ಕೇಳೂತನಕಾ ಹೇಳಬ್ಯಾಡ ಅಂತ ನಾನs ಆಣೆ ಹಾಕಿದ್ದೆ,” ಎಂದಳು. “ಅವ್ವ ಕಾದಳು. ನೀ ಕೇಳಲಿಲ್ಲ.”

ಅವ್ವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಇಂಥ ಹಟ ಸಾಧಿಸಿದ ತಂಗಿಯ ಮೇಲೆ ನನಗೆ ಅಂದು ಬಂದ ಸಿಟ್ಟು ನ್ಯಾಯವಾದದ್ದೇ. ಅದನ್ನೇ ಹಿಂತೆಗೆದುಕೊಂಡಿಲ್ಲವೆಂದು ಮೊದಲು ಬರೆದೆ. ಇನ್ನರ್ಧ ಸಿಟ್ಟು ಯಾರ ಮೇಲೆ ಹೋಗಬೇಕಾಗಿತ್ತೋ ಅವನು, ಎರಡು ಕೊಡ ನೀರು ಸುರಿದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಗೇಟಿನಲ್ಲಿ ಮೊದಲಿಗನಾಗಿ ನಿಂತಿದ್ದ.

ಆಟದಲ್ಲಿ ಬದಲಾದದ್ದನ್ನು ಆ ಮನೆಯ ಹಾಳೆಯ ಕೆಳಗೆ ಕತೆ ನಡೆಸುವವನು ಬರೆದು ದಿನಾಂಕ ಹಾಕಬೇಕು. ಪೆನ್ನು ತೆಗೆದು ಬರೆದೆ: ‘ಕಾವಲುಗಾರ ಕೇಳಿದ. ಹುಡುಗಿ ಹೇಳಿದಳು. ಕೊಡಗಳನ್ನು ಬರಿದು ಮಾಡಿದವನು ಅವನೇ.’ ಹಾಳೆಯನ್ನು ಅವಳ ಕಡೆ ತಳ್ಳಿದೆ. ಅವಳು ಎರಡು ಸಲ ಓದಿದಳು.

“ತಪ್ಪಾತು ಅಂತ ಎಲ್ಲೂ ಇಲ್ಲಲ್ಲ ಇದರಾಗ,” ಎಂದಳು.

ಹಾಳೆಯನ್ನು ವಾಪಸು ಎಳೆದುಕೊಂಡು, ಅದನ್ನೂ ಬರೆದೆ. ಅವಳು ಓದಿ, ಹುಡುಗಿ ಇನ್ನು ಬಾಗಿಲ ಬಳಿ ಇಲ್ಲ, ಬೆಟ್ಟದ ದಾರಿ ಹಿಡಿದು ಹೋದಳು ಎಂದು ಉಳಿದಿಬ್ಬರಿಗೆ ತಿಳಿಸಿದಳು. ನಾನು ದಿನಾಂಕ ಹಾಕಿದೆ: ಭಾನುವಾರ, ೧೧ ಆಗಸ್ಟ್ ೨೦೨೪.