ಹದಿನಾಲ್ಕು ಬೈ ಒಂದು

ಚಕ್ರಪಾಣಿಯವರಿಗೆ ಓರಣವೆಂದರೆ ಪ್ರಾಣ. ನಿವೃತ್ತಿಯಾದ ಮೇಲೆ ಪೇಪರ್ ಓದಿಕೊಂಡು ಹಾಯಾಗಿರಬಹುದಿತ್ತು. ಎಲ್ಲಿ ಕೇಳುತ್ತಾರೆ? ವಿಜಯನಗರದಲ್ಲಿ ಕ್ಲಾಸಿಗೆ ಸೇರಿ ಡೇಟಾಬೇಸ್ ಕಲಿತರು, ಹೊಸಹಳ್ಳಿಯ ತಮ್ಮ ಬೀದಿಯ ಸಂಘಕ್ಕೆ ಕಾರ್ಯದರ್ಶಿಯಾದರು, ಮನೆಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದರು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಸರದಿಯೂ ಅದರಿಂದಲೇ.

ಆದರೆ ಆ ಕಂಪ್ಯೂಟರ್ ಒಂದಾದ ಮೇಲೆ ಹತ್ತು, ಹನ್ನೊಂದು ಎಂದು ಓಡಿ, ಆಮೇಲೆ ಎರಡಕ್ಕೆ ಬರುತ್ತಿತ್ತು. ಮನೆ ನಂಬರನ್ನು ಅದು ಅಕ್ಷರವೆಂದು ಓದುತ್ತಿದೆ, ಸಂಖ್ಯೆಯಾಗಿ ಬದಲಾಯಿಸಿ ಎಂದು ಮಗಳು ಮಾಲವಿಕಾ ಹೇಳಿಕೊಟ್ಟಳು. ಬದಲಾಯಿಸಿದರು. ಒಂದು ನಂಬರಿಗೆ ಒಂದೇ ಸಲ ನೀರು ಎಂಬ ನಿಯಮವನ್ನು ತಾವೇ ಸೇರಿಸಿದರು. ಮನೆಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತವು. ಆ ಖುಷಿಗೆ ಹೆಂಡತಿ ಜಲಜಾಗೆ ಅವರೇ ಕಾಫಿ ಮಾಡಿಕೊಟ್ಟರು.

ಮರುದಿನ ಪಾಪಮ್ಮ ಖಾಲಿ ಬಿಂದಿಗೆ ಹಿಡಿದು ಬಂದಳು.

"ಸಾರ್, ಟ್ಯಾಂಕರ್ ನಮ್ಮನೆ ಮುಂದೆ ನಿಲ್ಲಲೇ ಇಲ್ಲ. ಮಗಳು ದಿವ್ಯ ಬಾಣಂತಿ. ತಾಯಿ ಮಗೂಗೆ ಎರೆಯೋಕೆ ಹಂಡೇಲಿ ನೀರಿಲ್ಲ."

ಚಕ್ರಪಾಣಿ ಹುಡುಕಿದರು. ಹದಿನಾಲ್ಕು ಇತ್ತು. ಪಾಪಮ್ಮನ ಮನೆ, ಹದಿನಾಲ್ಕು ಬೈ ಒಂದು, ಎಲ್ಲೂ ಇರಲಿಲ್ಲ. "ಹದಿನಾಲ್ಕಕ್ಕೆ, ಭೈರೇಶನ ಸಂಪಿಗೆ ನೀರು ಬಿಟ್ಟಿದಾರಲ್ಲಮ್ಮ?"

"ಅದು ಮೈದುನನ ಮನೆ. ಭಾಗ ಆದಾಗಿಂದ ಮಾತಿಲ್ಲ ಅಂತ ಬೀದಿಗೆಲ್ಲ ಗೊತ್ತು. ನಿಮ್ಮ ಕಂಪ್ಯೂಟರ್‌ಗೆ ಗೊತ್ತಿಲ್ವಾ?"

ಅವರು ಮಗಳಿಗೆ ಫೋನ್ ಮಾಡಿದರು.

"ಅಪ್ಪಾ, ಸಂಖ್ಯೆ ಮಾಡು ಅಂದ್ರೆ ಅದು ಬೈ ಅನ್ನೋ ಗೀಟಿನ ತನಕ ಓದಿ ಮಿಕ್ಕಿದ್ದನ್ನ ಬಿಟ್ಬಿಡತ್ತೆ. ಎರಡು ಮನೇನೂ ಹದಿನಾಲ್ಕೇ ಆಯ್ತು. ನೀವು ನಂಬರಿಗೆ ಒಂದೇ ಸಲ ಅಂದ್ರಲ್ಲ, ಒಂದು ಮನೆ ಹೋಯ್ತು."

"ತಪ್ಪು ಅಂತ ಕೂಗಬೇಕಿತ್ತಲ್ವೇನೇ ಅದು?"

"ಎಚ್ಚರಿಕೆ ಕೊಟ್ಟಿರತ್ತೆ, ನೀವು ನೋಡಿರಲ್ಲ."

ಚಕ್ರಪಾಣಿಯವರ ತಲೆ ಗಿರ್ರೆಂದಿತು. ಅಕ್ಷರವೆಂದರೆ ಸಾಲು ಕೆಡುತ್ತದೆ, ಸಂಖ್ಯೆಯೆಂದರೆ ಮನೆಯೇ ಮಾಯ. ಆ ಒಂದು ಗೀಟಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದರು. ಈ ಪುಣ್ಯಾತ್ಮರು ಓರಣದ ಹುಚ್ಚಿಗೆ ಅದನ್ನು ಒರೆಸಿ ಹಾಕಿದ್ದರು.

ಪೆಚ್ಚುಮೋರೆ ಹಾಕಿಕೊಂಡು ಒಂದಿಷ್ಟು ನೀರು ಕೇಳಲು ಭೈರೇಶನ ಬಳಿ ಹೋದರು.

"ಅತ್ತಿಗೆ ಬಾಯ್ಬಿಟ್ಟು ಕೇಳ್ಲಿ ಸಾರ್, ಪೈಪೇ ಬಿಡ್ತೀನಿ," ಎಂದ ಭೈರೇಶ.

"ನಾನು ಕೇಳಲ್ಲ ಅಂತ ಹೇಳಿ ಸಾರ್," ಎಂದಳು ಪಕ್ಕದ ಗೇಟಿನಲ್ಲೇ ನಿಂತಿದ್ದ ಪಾಪಮ್ಮ.

ಎರಡು ಗೇಟುಗಳ ನಡುವೆ ಚಕ್ರಪಾಣಿ ಕಣ್ಣುಕಣ್ಣು ಬಿಟ್ಟರು. ಒಳಗೆ ಮಗು ಅಳುತ್ತಿತ್ತು. ಕೊನೆಗೆ ಮನೆಗೆ ಓಡಿ ತಮ್ಮ ಸಂಪಿನ ಮುಚ್ಚಳ ತೆಗೆದರು. ಗಂಡಹೆಂಡತಿ ಇಬ್ಬರೂ ಪಾಪಮ್ಮನ ಹಂಡೆ ತುಂಬುವವರೆಗೆ ನೀರು ಹೊತ್ತರು.

ಬಾಣಂತಿಯ ಸ್ನಾನ ಮುಗಿದು ಸಾಂಬ್ರಾಣಿ ಹೊಗೆ ಏಳುವ ಹೊತ್ತಿಗೆ ಪಾಪಮ್ಮ ಹೊರಗೆ ಬಂದಳು. ಅವಳ ಸಿಟ್ಟು ಇಳಿದಿತ್ತು, ಭಯ ಇಳಿದಿರಲಿಲ್ಲ.

"ಸಾರ್, ಮುಂದಿನ ಟ್ಯಾಂಕರ್ ಬರೋ ಹೊತ್ತಿಗೆ ನಮ್ಮನೆ ಇರ್ತದಾ?"

ಇರುತ್ತದೆ ಎನ್ನಲು ಅವರು ಬಾಯಿ ತೆರೆದರು. ನಿನ್ನೆಯೂ ಎಲ್ಲ ಸರಿಯಾಗಿಯೇ ಕಂಡಿತ್ತಲ್ಲ ಎಂದು ನೆನಪಾಗಿ ಬಾಯಿ ಮುಚ್ಚಿದರು.

"ಗೊತ್ತಿಲ್ಲಮ್ಮ," ಎಂದರು. "ಆವತ್ತು ನಾನೇ ಬಂದು ಬಾಗಿಲು ತಟ್ಟಿ ನೋಡ್ತೀನಿ."